ಪುಲ್‌ಮನ್ ಬೋಗಿಯ ಅರಿಶಿನ

ನವರಾತ್ರಿ ಮುಗಿದು, ಪಟ್ಟದ ಗೊಂಬೆಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸಿ ತಿಂಗಳಾಯಿತು. ನನ್ನ ಪುಲ್‌ಮನ್ ಬೋಗಿಯ ಮೇಲಿನ ಅರಿಶಿನ ಮಾತ್ರ ಇನ್ನೂ ಹೋಗಿಲ್ಲ. ಹಾರ್ನ್‌ಬಿ ಎಂಬ ಇಂಗ್ಲಿಷ್ ಬ್ರ್ಯಾಂಡಿನ ತಗಡಿನ ಆಟಿಕೆ ಬೋಗಿ ಅದು, ಪುಲ್‌ಮನ್ ಎಂಬ ಐಷಾರಾಮಿ ರೈಲುಬೋಗಿಯ ಪುಟ್ಟ ಪ್ರತಿ. ಕಿಟಕಿಗಳ ಸಾಲಿಗೆ ಕೆನೆ ಬಣ್ಣ, ಅದರ ಕೆಳಗೆ ಕಂದು. ಇಂಗ್ಲೆಂಡಿನ ಮಗಳ ಮನೆಗೆ ಹೋಗಿದ್ದಾಗ ಹಳೆಯ ಆಟಿಕೆಗಳ ಸಂತೆಯೊಂದರಲ್ಲಿ ಕೊಂಡು, ಹಿಂದಿರುಗುವಾಗ ಸ್ವೆಟರಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೇ ಮೈಸೂರಿನವರೆಗೂ ತಂದದ್ದು. ಸುಮಾರು ತೊಂಬತ್ತು ವರ್ಷ ಇಂಗ್ಲಿಷ್ ಮಕ್ಕಳ ಕೈಯಲ್ಲೂ ಅಟ್ಟದಲ್ಲೂ ಉಳಿದುಬಂದ ಆ ಕೆನೆ ಬಣ್ಣ ನಮ್ಮ ಮನೆಯ ಒಂದು ಹಬ್ಬವನ್ನು ದಾಟಲಾರದೆ ಹೋಯಿತು.

ಬೀರುವಿನ ಮುಂದೆ ನಿಂತ ಅತಿಥಿಗಳು ಕೇಳುವುದು ಎರಡೇ ಪ್ರಶ್ನೆ. ಮಾರಿದರೆ ಎಷ್ಟು ಬರುತ್ತದೆ ಎಂಬುದು ಮೊದಲನೆಯದು. ಇದಕ್ಕೊಂದು ಕೋಟ್ ಬಣ್ಣ ಹೊಡೆಸಬಾರದೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ನಗುತ್ತೇನೆ, ಎರಡನೆಯದಕ್ಕೆ ನಗುವುದು ನನ್ನಿಂದಾಗದು. ನಿಜವಾದ ಎಂಜಿನ್ನಿಗೆ ಅದು ದುಡಿಯುವಷ್ಟು ಕಾಲವೂ ಮತ್ತೆ ಮತ್ತೆ ಬಣ್ಣ ಬೀಳುತ್ತಲೇ ಇರುತ್ತದೆ, ಅದು ಅದರ ಸಂಸಾರ. ಆಟಿಕೆಗೆ ಕಾರ್ಖಾನೆಯಲ್ಲಿ ಬಿದ್ದದ್ದೊಂದೇ ಬಣ್ಣ. ಅದನ್ನು ಕೆರೆದು ತೆಗೆದವನು ಮತ್ತೆಲ್ಲಿಂದ ತಂದಾನು? ಲಿವರ್‌ಪೂಲಿನಲ್ಲಿ 1920ರಿಂದ ಈ ರೈಲುಗಳನ್ನು ಮಾಡುತ್ತಿದ್ದ ಸಂಸ್ಥೆಯ ಬಿನ್ಸ್ ರೋಡಿನ ಕಾರ್ಖಾನೆ 1979ರಲ್ಲೇ ಬಾಗಿಲು ಮುಚ್ಚಿತು. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಅತಿಥಿಗಳು ಸಾಮಾನ್ಯವಾಗಿ ಕಾಫಿ ಮುಗಿಸಿ ಎದ್ದಿರುತ್ತಾರೆ.

ನನ್ನ ಈ ಮಡಿಗೂ ಒಂದು ತೂತಿದೆಯೆಂದು ಒಪ್ಪಿಕೊಳ್ಳಬೇಕು. ಬೋಗಿಯನ್ನೆಳೆಯುವ, ಕೀಲಿ ಕೊಟ್ಟರೆ ಓಡುವ ಹಸಿರು ಎಂಜಿನ್ನಿನ ಗಾಲಿಗಳು ಮೂಲದವಲ್ಲ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಹಾರ್ನ್‌ಬಿ ಗಾಲಿಗಳು ಸತುವಿನ ಮಿಶ್ರಲೋಹದ ಎರಕದವು. ಆ ಎರಕದಲ್ಲಿ ಸೀಸದ ಕಲಬೆರಕೆ ತುಸು ಹೆಚ್ಚಾದರೂ ಸಾಕು, ಲೋಹ ಒಳಗೊಳಗೇ ಉಬ್ಬಿ, ಬಿರುಕುಬಿಟ್ಟು, ಒಂದು ದಿನ ಹಳೆಯ ಚಕ್ಕುಲಿಯಂತೆ ಮುರಿದು ಉದುರುತ್ತದೆ. ಸಂಗ್ರಾಹಕರು ಇದನ್ನು ಲೋಹದ ದಣಿವು ಎನ್ನುತ್ತಾರೆ. ಯಾರೂ ಓಡಿಸದೆ ಅರ್ಧ ಶತಮಾನ ಪೆಟ್ಟಿಗೆಯಲ್ಲಿ ಮಲಗಿದ್ದ ಗಾಲಿಗೆ ಎಲ್ಲಿಯ ದಣಿವೋ ನನಗೆ ತಿಳಿಯದು. ಅಂತೂ ಗಾಲಿ ಬದಲಾಗಿದೆ. ಅದು ರಿಪೇರಿ, ಬಣ್ಣ ಹೊಡೆಯುವುದು ಅಪಚಾರ. ವ್ಯತ್ಯಾಸವೇನೆಂದು ದಯವಿಟ್ಟು ಕೇಳಬೇಡಿ.

ಅರಿಶಿನದ ವಿಷಯಕ್ಕೆ ಬರುತ್ತೇನೆ. ಚಿಕ್ಕಮ್ಮನಿಗೆ ಎಂಬತ್ತೆರಡು. ಈ ಸಲ ನಮ್ಮ ಮನೆಯಲ್ಲೇ ಗೊಂಬೆ ಕೂರಿಸಿದ ಅವರು, ಮೆಟ್ಟಿಲುಗಳ ಕೆಳಗೆ ರಾಗಿಯ ಪೈರು ಬೆಳೆಸಿ ಪಾರ್ಕು ಮಾಡಿದ ಮೇಲೆ, ‘ಪಾರ್ಕಿಗೆ ರೈಲಿಲ್ಲದಿದ್ದರೆ ಹೇಗೋ, ಬೀರುವಿನಲ್ಲಿ ಸುಮ್ಮನೆ ಕೊಳೆಯುತ್ತಿದೆಯಲ್ಲ ಆ ಸಾಮಾನು’ ಎಂದರು. ಕೊಳೆಯುತ್ತಿಲ್ಲ, ಸಂರಕ್ಷಣೆಯಲ್ಲಿದೆ ಎಂದೆ. ‘ಎರಡೂ ಒಂದೇ’ ಎಂದರು. ಹಳಿ ಹಾಸಿದೆ. ಎಂಟು ದಿನ ಸುಖವಾಗಿಯೇ ಕಳೆಯಿತು. ಒಂಬತ್ತನೆಯ ದಿನ ಕಾರು, ಸ್ಕೂಟರು, ಹೊಲಿಗೆ ಯಂತ್ರ, ಈಳಿಗೆಮಣೆಗಳೆಲ್ಲ ಪೂಜೆಗೆ ಸಾಲಾಗಿ ನಿಂತಾಗ, ಚಿಕ್ಕಮ್ಮ ತಟ್ಟೆಯನ್ನು ಹಿಡಿದು ನೇರವಾಗಿ ರೈಲಿನ ಕಡೆಗೆ ನಡೆದರು. ನಾನು ಅಡ್ಡ ಹೋದೆ. ಅದು ಆಟಿಕೆ, ಆಯುಧವಲ್ಲ ಎಂದು ವಾದಿಸಿದೆ. ‘ನಿಮ್ಮ ಚಿಕ್ಕಪ್ಪ ಅಶೋಕಪುರಂ ವರ್ಕ್‌ಷಾಪಿನಲ್ಲಿ ಮೂವತ್ತು ವರ್ಷ ದುಡಿದರು. ಅಲ್ಲಿ ರೈಲಿಗೆ ಪೂಜೆ ಮಾಡದೆ ಆ ದಿನ ಒಂದು ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ನಿನ್ನ ರೈಲು ಅದಕ್ಕಿಂತ ದೊಡ್ಡದೇನೋ?’

ಚಿಕ್ಕಪ್ಪ ಆ ದಿನ ಟವೆಲಿನಲ್ಲಿ ಕಟ್ಟಿ ತರುತ್ತಿದ್ದ ಪುರಿ ಮತ್ತು ಬೆಲ್ಲದ ಗಂಟು ನೆನಪಾಗಿ ನನ್ನ ವಾದ ಅಲ್ಲಿಗೇ ಬಿದ್ದುಹೋಯಿತು. ಎಂಜಿನ್ನಿನ ಕಪ್ಪು ಮೂತಿಗೆ ವಿಭೂತಿ ಬಂತು, ಅದರ ಮೇಲೆ ಕುಂಕುಮ, ಹೊಗೆಕೊಳವೆಗೆ ಒಂದು ಸೇವಂತಿಗೆ. ‘ಹಿಂದಿನದಕ್ಕೂ ಇರಲಿ, ಅದೇನು ಪಾಪ ಮಾಡಿದೆ’ ಎಂದು ಬೋಗಿಯ ಕೆನೆ ಬಣ್ಣದ ಮೇಲೆ, ಎರಡು ಕಿಟಕಿಗಳ ನಡುವೆ, ನೀರಿನಲ್ಲಿ ಕಲಸಿದ ಅರಿಶಿನದ ಒಂದು ಹೆಬ್ಬೆರಳು. ಆಮೇಲೆ ನಿಂಬೆಹಣ್ಣು. ಕಾರಿನ ಚಕ್ರದಡಿಯ ನಿಂಬೆಹಣ್ಣು ಪಚಕ್ಕೆಂದು ಅಪ್ಪಚ್ಚಿಯಾದದ್ದನ್ನು ಆಗಷ್ಟೇ ನೋಡಿ ಬಂದಿದ್ದ ಮಕ್ಕಳು ಇಲ್ಲೂ ಅದೇ ಆಗಬೇಕೆಂದು ಹಟ ಹಿಡಿದರು. 32 ಮಿಲಿಮೀಟರ್ ಅಗಲದ ಹಳಿಯ ಮೇಲೆ ನಿಂಬೆಹಣ್ಣು ಚಾಮುಂಡಿಬೆಟ್ಟದ ಬಂಡೆಯಂತೆ ಕೂತಿತು. ಕೀಲಿ ಕೊಟ್ಟವನು ನಾನೇ; ಇದನ್ನು ಮುಚ್ಚಿಡುವುದು ಸರಿಯಲ್ಲ. ನಿಯಮದ ಪ್ರಕಾರ ನಾಲ್ಕೇ ಸುತ್ತು ಕೊಡುವ ನಾನು ಆ ದಿನ ಸ್ಪ್ರಿಂಗ್ ಬಿಗಿಯಾಗುವವರೆಗೂ ತಿರುಗಿಸಿದೆ. ಎಂಜಿನ್ನು ನಿಂಬೆಹಣ್ಣಿಗೆ ಹೋಗಿ ಡಿಕ್ಕಿ ಹೊಡೆದು, ಒಂದು ಕ್ಷಣ ನಿಂತು, ಗಾಲಿಗಳು ಗರ್ರೆಂದು ಜಾರಿ, ಆಮೇಲೆ ಹಣ್ಣನ್ನು ಉರುಳಿಸಿಕೊಂಡೇ ತಿರುವಿನವರೆಗೂ ಹೋಯಿತು. ಅಲ್ಲಿ ಹಣ್ಣು ಹಳಿ ಬಿಟ್ಟು ನೇರವಾಗಿ ಶೆಟ್ಟಿಯ ಅಂಗಡಿಗೆ ನುಗ್ಗಿ ತೊಗರಿಬೇಳೆಯ ರಾಶಿಯನ್ನು ಚೆಲ್ಲಾಪಿಲ್ಲಿ ಮಾಡಿತು, ರೈಲು ಅದರ ಹಿಂದೆಯೇ ಹೋಗಿ ಶೆಟ್ಟಮ್ಮನ ಮಡಿಲಲ್ಲಿ ಮಗುಚಿಕೊಂಡಿತು. ಆ ಹಬ್ಬದಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವನು ಯಾರೆಂದು ನನ್ನ ಹೆಂಡತಿಯ ಮೊಬೈಲಿನ ವಿಡಿಯೊದಲ್ಲಿ ದಾಖಲಾಗಿದೆ.

ಮರುದಿನ ಒರೆಸಲು ಕೂತೆ. ವಿಭೂತಿ ಕುಂಚಕ್ಕೇ ಉದುರಿತು, ಕುಂಕುಮ ಒದ್ದೆ ಹತ್ತಿಗೆ ಬಂತು. ವಾರ್ನಿಷಿನ ಕೂದಲೆಳೆಯಂಥ ಬಿರುಕುಗಳಿಗೆ ಇಳಿದಿದ್ದ ಅರಿಶಿನ ಮಾತ್ರ ಜಗ್ಗಲಿಲ್ಲ. ಹತ್ತಿಕಡ್ಡಿಯ ತುದಿಗೆ ಒಂದಿಷ್ಟೇ ಸೋಪಿನ ನೀರು ತಾಗಿಸಿ ಒತ್ತಿದೆ, ಕಣ್ಣೆದುರಿನಲ್ಲೇ ಹಳದಿ ಇಟ್ಟಿಗೆಗೆಂಪಾಯಿತು. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ಕೆಂಪು ಓಕುಳಿ ಮಾಡುವ ಮನೆಯಲ್ಲೇ ಹುಟ್ಟಿ, ಸೋಪಿನ ಕ್ಷಾರವೂ ಅದೇ ಕೆಲಸ ಮಾಡುತ್ತದೆಂದು ಹೊಳೆಯದೆ ಹೋದದ್ದಕ್ಕೆ ನನ್ನನ್ನು ನಾನೇ ಬೈದುಕೊಂಡೆ. ‘ನಿಂಬೆರಸ ಹಾಕು, ಮತ್ತೆ ಹಳದಿಯಾಗುತ್ತದೆ’ ಎಂದರು ಚಿಕ್ಕಮ್ಮ. ಅದೂ ನಿಜವೇ, ಆದರೆ ಹಳದಿಯಾಗಿ ನನಗೇನು ಉಪಕಾರ?

ಉಳಿದಿರುವುದು ಬಿಸಿಲು. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ಹೊರಗೆ ಒಣಹಾಕಿದ ಪಂಚೆಯ ಕಲೆ ನಾಲ್ಕು ದಿನದಲ್ಲಿ ಮಾಯವಾಗುವುದನ್ನು ಎಲ್ಲರೂ ಕಂಡವರೇ. ಆದರೆ ಹಳೆಯ ಬಣ್ಣಕ್ಕೂ ಬಿಸಿಲೇ ಶತ್ರು, ಬೀರುವನ್ನು ಕಿಟಕಿಯಿಲ್ಲದ ಗೋಡೆಗೆ ಒತ್ತಿ ಇಟ್ಟಿರುವುದೇ ಅದಕ್ಕೆ. ಕೊನೆಗೆ ಕಪ್ಪು ಕಾಗದದಲ್ಲಿ ಹೆಬ್ಬೆರಳಿನಷ್ಟಗಲ ತೂತು ಕತ್ತರಿಸಿ, ಬೋಗಿಗೆ ಅದನ್ನು ಹೊದಿಸಿ, ದಿನಕ್ಕೆ ಅರ್ಧ ಗಂಟೆ ಕಿಟಕಿಯಲ್ಲಿಡುತ್ತಿದ್ದೇನೆ. ಅದೇ ಬೋಗಿಯ ಇನ್ನೊಂದು ಬದಿಯಲ್ಲಿ ಯಾವುದೋ ಮಗು ಮೊಳೆಯಿಂದ ಗೀಚಿದ ಗೆರೆಯೊಂದಿದೆ. ಕೊಂಡ ದಿನದಿಂದ ಅದನ್ನು ಬಂದವರಿಗೆಲ್ಲ ಇದು ಇದರ ಚರಿತ್ರೆ ಎಂದು ಹೆಮ್ಮೆಯಿಂದ ತೋರಿಸುತ್ತ ಬಂದಿದ್ದೇನೆ. ಈ ಕಲೆ ಚರಿತ್ರೆಯಲ್ಲ, ಹಾನಿ. ಇಂಗ್ಲಿಷ್ ಮಗು ಗೀಚಿದರೆ ಚರಿತ್ರೆ, ಚಿಕ್ಕಮ್ಮ ಹಚ್ಚಿದರೆ ಹಾನಿಯೇ ಎಂದು ಹೆಂಡತಿ ಕೇಳಿದಳು. ಉತ್ತರ ಇದ್ದೇ ಇದೆ, ಹೇಳುವಷ್ಟರಲ್ಲಿ ಬಿಸಿಲು ಸರಿದು ಕಾಗದವನ್ನು ಸರಿಪಡಿಸಬೇಕಾಯಿತು.

ಬೀರುವಿಗೆ ಈಗ ಬೀಗ ಹಾಕಿಸಿದ್ದೇನೆ. ಅದರ ಕೈಯನ್ನು ದೇವರ ಮನೆಯ ಗೂಡಿನಲ್ಲಿ, ಅರಿಶಿನದ ಭರಣಿಯ ಹಿಂದೆ ಇಟ್ಟಿದ್ದೇನೆ. ನಮ್ಮ ಮನೆಯಲ್ಲಿ ಬೀಗದ ಕೈ ಇಡುವ ಜಾಗ ಅದೊಂದೇ.