ಹಂಟಿಂಗ್ಟನ್‌ನ ಕಾವಲು, ಕಬ್ಬನ್ ಪಾರ್ಕಿನ ಬಾಗಿಲು

ಊರಿನಿಂದ ಅಪ್ಪ-ಅಮ್ಮ ಬಂದರೆ ಲಾಸ್ ಏಂಜಲೀಸ್ ಸುತ್ತಮುತ್ತಲಿನ ಕನ್ನಡಿಗರು ಮೊದಲು ಕರೆದೊಯ್ಯುವುದು ಡಿಸ್ನಿಲ್ಯಾಂಡಿಗೆ, ಹಾಲಿವುಡ್ಡಿಗೆ, ಮಾಲಿಬು ದೇವಸ್ಥಾನಕ್ಕೆ. ಅದೆಲ್ಲ ಮುಗಿದು ದಿನ ಉಳಿದರೆ ಸ್ಯಾನ್ ಮರೀನೋದ ಹಂಟಿಂಗ್ಟನ್ ಎಂಬ ತೋಟ, ಚಿತ್ರಶಾಲೆ, ಗ್ರಂಥಾಲಯಗಳ ಎಸ್ಟೇಟು. ನನ್ನ ಕೇಳಿದರೆ ಈ ಸಾಲು ತಲೆಕೆಳಗಾಗಬೇಕು. ಗಿಡ, ಚಿತ್ರ, ಹಸ್ತಪ್ರತಿ ಮೂರೂ ಒಂದೇ ಬೇಲಿಯೊಳಗೆ ಇಷ್ಟು ಚೆನ್ನಾಗಿ ಉಳಿದಿರುವ ಜಾಗ ಕ್ಯಾಲಿಫೋರ್ನಿಯಾದ ಈ ಭಾಗದಲ್ಲಿ ಇನ್ನೊಂದಿಲ್ಲ. ಜಮೀನು ನೋಡಿಕೊಂಡು ಬಾಳಿದ ಹಿರಿಯರಿಗಂತೂ ಇಲ್ಲಿ ಮಾತಾಡಲು ಬೇಕಾದಷ್ಟು ಸಿಗುತ್ತದೆ.

ಹೆನ್ರಿ ಹಂಟಿಂಗ್ಟನ್ ರೈಲು ಮತ್ತು ಜಮೀನಿನ ವ್ಯವಹಾರದಲ್ಲಿ ದುಡ್ಡು ಮಾಡಿದವನು. 1903ರಲ್ಲಿ ಕೊಂಡ ಈ ಎಸ್ಟೇಟನ್ನು ಅವನೂ ಹೆಂಡತಿ ಅರಬೆಲ್ಲಾಳೂ 1919ರಲ್ಲಿ, ಇಬ್ಬರೂ ಬದುಕಿರುವಾಗಲೇ, ಟ್ರಸ್ಟಿಗೆ ಬರೆದುಕೊಟ್ಟರು. ಅವನು ಸತ್ತ ಮರುವರ್ಷ, 1928ರಲ್ಲಿ, ಜನರಿಗೆ ಬಾಗಿಲು ತೆರೆಯಿತು. ಒಟ್ಟು 207 ಎಕರೆ, ಅದರಲ್ಲಿ ತೋಟಗಳದ್ದು ಸುಮಾರು 130. ನಮ್ಮ ಲಾಲ್‌ಬಾಗ್ 240 ಎಕರೆ ಎಂದು ಹೇಳಿಬಿಟ್ಟರೆ ಬಂದವರಿಗೆ ನಡಿಗೆಯ ಅಂದಾಜು ಸಿಕ್ಕಿಬಿಡುತ್ತದೆ.

ಹೋಗುವ ಮುಂಚೆ ತಿಳಿದಿರಬೇಕಾದದ್ದು ಸ್ವಲ್ಪವೇ, ಆದರೆ ತಪ್ಪಿದರೆ ದಿನ ಹಾಳು. ಮಂಗಳವಾರ ರಜೆ. ಶನಿವಾರ-ಭಾನುವಾರಕ್ಕೆ ಮೊದಲೇ ಸಮಯ ಕಾದಿರಿಸಬೇಕು. ತಿಂಗಳ ಮೊದಲ ಗುರುವಾರ ಪ್ರವೇಶ ಉಚಿತ, ಆದರೆ ಅದಕ್ಕೂ ಮುಂಗಡ ಟಿಕೆಟ್ ಬೇಕು, ಅದು ಬಿಟ್ಟ ಕೂಡಲೇ ಖಾಲಿಯಾಗುತ್ತದೆ. ಬುತ್ತಿ ಒಳಗೆ ಬಿಡುವುದಿಲ್ಲ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡಿದ್ದರೆ ಹತ್ತಿರದ ಲೇಸಿ ಪಾರ್ಕಿನಲ್ಲಿ ಉಂಡು ಬರುವುದು ವಾಸಿ. ತೆರೆಯುವುದು ಬೆಳಗ್ಗೆ 10ಕ್ಕೆ, ಮುಚ್ಚುವುದು ಸಂಜೆ 5ಕ್ಕೆ. ತೋಟಕ್ಕೆ ಇದು ಒಳ್ಳೆಯ ಹೊತ್ತಲ್ಲ. ಲಾಲ್‌ಬಾಗ್ ಬೆಳಗ್ಗೆ 6ಕ್ಕೇ ತೆರೆಯುತ್ತದೆ, ಎಳೆಬಿಸಿಲಿನಲ್ಲಿ ಮರ ನೋಡುವ ಸುಖ ಅಲ್ಲಿ ದಿನಗೂಲಿಯವನಿಗೂ ಉಂಟು. ಇಲ್ಲಿ ಆ ಹೊತ್ತು ಬೇಲಿಯೊಳಗೇ ಕಳೆದುಹೋಗುತ್ತದೆ.

ಹಾಗಾಗಿ ಬಾಗಿಲು ತೆರೆದ ತಕ್ಷಣ ನೇರ ಮರುಭೂಮಿ ತೋಟಕ್ಕೆ ನಡೆಯಿರಿ. ಹೆಚ್ಚಿನವರು ಮೊದಲು ಕಟ್ಟಡಗಳನ್ನು ನೋಡಿ, ಮಧ್ಯಾಹ್ನ ಒಂದಕ್ಕೆ ಇಲ್ಲಿಗೆ ಬರುತ್ತಾರೆ. ಜುಲೈ-ಆಗಸ್ಟಿನಲ್ಲಿ ಆ ಹೊತ್ತಿಗೆ ನೆರಳೇ ಇರುವುದಿಲ್ಲ, ಹತ್ತು ನಿಮಿಷಕ್ಕೆ ವಾಪಸ್ಸು. 1907ರಲ್ಲಿ ವಿಲಿಯಂ ಹರ್ಟ್ರಿಕ್ ಎಂಬ ತೋಟದ ಮೇಲ್ವಿಚಾರಕ ಇದನ್ನು ಶುರುಮಾಡಿದ. ರೈಲುದಾರಿ ಹಾಕಿಸುವಾಗ ಮುಳ್ಳು ಚುಚ್ಚಿಸಿಕೊಂಡಿದ್ದ ಯಜಮಾನನಿಗೆ ಕಳ್ಳಿ ಎಂದರೆ ಆಗುತ್ತಿರಲಿಲ್ಲ, ಅವನನ್ನು ಒಪ್ಪಿಸಿ ನೆಟ್ಟದ್ದು. ನಮ್ಮವರಿಗೆ ಇಲ್ಲಿ ಹಳೆಯ ಪರಿಚಯಗಳೇ ಎದುರಾಗುತ್ತವೆ. ಹೊಲದ ಬದುವಿನ ಕತ್ತಾಳೆ, ಬೇಲಿಯ ಪಾಪಾಸುಕಳ್ಳಿ ಎರಡೂ ಮೂಲದಲ್ಲಿ ಅಮೆರಿಕ ಖಂಡದವು, ಕರ್ನಾಟಕಕ್ಕೆ ಬಂದವು. ನಾರು ತೆಗೆದು ಹಗ್ಗ ಹೊಸೆದ ಕತ್ತಾಳೆಯ ತವರು ಇತ್ತ ಕಡೆ ಎಂದಾಗ ಹಿರಿಯರು ನಿಂತು ನೋಡುತ್ತಾರೆ. ಇನ್ನು ಊರಿನ ಹಾಲುಗಳ್ಳಿಗೂ ಈ ಕಳ್ಳಿಗಳಿಗೂ ನೆಂಟಸ್ತಿಕೆ ಇಲ್ಲ. ಮುಳ್ಳಿನ ಬುಡ ನೋಡಿ: ಪಾಪಾಸುಕಳ್ಳಿಯ ಜಾತಿಯಲ್ಲಿ ಮುಳ್ಳುಗಳು ಒಂದು ಸಣ್ಣ ತುಪ್ಪುಳದ ಚುಕ್ಕೆಯಿಂದ ಗುಂಪಾಗಿ ಹೊರಡುತ್ತವೆ. ಹಾಲುಗಳ್ಳಿಯಲ್ಲಿ ಆ ಚುಕ್ಕೆ ಇಲ್ಲ, ಮುರಿದರೆ ಬಿಳಿ ಹಾಲು. ನೀರಿಲ್ಲದ ಕಡೆ ಬದುಕಬೇಕಾಗಿ ಬೇರೆ ಬೇರೆ ಖಂಡಗಳಲ್ಲಿ ಎರಡೂ ಒಂದೇ ರೂಪ ತಾಳಿವೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಬಂದರೆ ಲೋಳೆಸರದ ಬಳಗ ಕೆಂಪು, ಕಿತ್ತಳೆ ಹೂ ಬಿಟ್ಟಿರುತ್ತದೆ. ಬಿಸಿಲೂ ಹಿತ, ವಯಸ್ಸಾದವರಿಗೆ ಅದೇ ಕಾಲ.

ಗಾಜಿನ ಮನೆಯ ಹೆಣದ ಹೂವಿನ ವಿಷಯಕ್ಕೆ ಬೇಸಿಗೆಯಲ್ಲಿ ಜನ ಮುಗಿಬೀಳುತ್ತಾರೆ. ಇಲ್ಲಿ ಅದು ಮೊದಲು ಅರಳಿದ್ದು 1999ರಲ್ಲಿ. ಅರಳಿದರೆ ಒಂದೆರಡು ದಿನ ಮಾತ್ರ, ಕೊಳೆತ ಮಾಂಸದ ವಾಸನೆ, ಆ ವಾಸನೆಗೆ ನೊಣ ಮತ್ತು ಜೀರುಂಡೆಗಳು ಬಂದು ಪರಾಗ ಹೊರುತ್ತವೆ. ಈ ಸುಮಾತ್ರಾದ ಗಿಡ ನಮ್ಮ ಸುವರ್ಣಗಡ್ಡೆಯದೇ ಕುಲ! ಹಿತ್ತಲಲ್ಲಿ ಸುವರ್ಣಗಡ್ಡೆ ಹೂ ಬಿಟ್ಟಾಗಿನ ನಾತ ಗೊತ್ತಿರುವವರಿಗೆ ಬೇರೆ ವಿವರಣೆ ಬೇಕಿಲ್ಲ.

ಜಪಾನಿ ತೋಟದಲ್ಲಿ ಚಂದ್ರಸೇತುವೆ ಎಂಬ ಕಮಾನು ಸೇತುವೆಯ ಫೋಟೋ ತೆಗೆದು ಮುಂದೆ ಹೋಗಬೇಡಿ, ಶೋಯಾ ಮನೆಯನ್ನು ನೋಡಿ. ಶೋಯಾ ಎಂದರೆ ಊರ ಪಟೇಲ. ಮಾರುಗಾಮೆ ಪಟ್ಟಣದಲ್ಲಿದ್ದ ಸುಮಾರು 320 ವರ್ಷ ಹಳೆಯ ಮನೆಯನ್ನು ಬಿಡಿ ಬಿಡಿಯಾಗಿ ಬಿಚ್ಚಿ, ಹಡಗಿನಲ್ಲಿ ತಂದು, ಜಪಾನಿನ ಬಡಗಿಗಳಿಂದಲೇ ಮತ್ತೆ ಕೂಡಿಸಿ 2023ರಲ್ಲಿ ತೆರೆದರು. ಒಳಗೆ ಬಿಡುವುದು ದಿನಕ್ಕೆ ಕೆಲವೇ ಗಂಟೆ, ಹೊತ್ತು ವಿಚಾರಿಸಿಕೊಂಡು ಹೋಗಿ. ಕಂದಾಯ ಲೆಕ್ಕ ಹಾಕುತ್ತಿದ್ದ ಜಾಗ, ಅತಿಥಿಗಳ ಕೋಣೆ, ಮನೆಯವರ ಭಾಗ ಬೇರೆ ಬೇರೆ ಇರುವ ಕ್ರಮ ಮಲೆನಾಡಿನ ದೊಡ್ಡ ಮನೆಗಳನ್ನು ನೆನಪಿಸುತ್ತದೆ. ಇದೇ ಕೆಲಸವನ್ನು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ವಿಜಯನಾಥ ಶೆಣೈಯವರು ಇದಕ್ಕಿಂತ ಎಷ್ಟೋ ಮುಂಚೆಯೇ ಮಾಡಿದ್ದರು, ಬೀಳುತ್ತಿದ್ದ ಮನೆಗಳನ್ನು ಬಿಚ್ಚಿ ತಂದು ನಿಲ್ಲಿಸಿದ್ದರು. ಶೋಯಾ ಮನೆ ನೋಡಿ ಬೆರಗಾಗುವ ನಮ್ಮವರಲ್ಲಿ ಮಣಿಪಾಲದ್ದನ್ನು ನೋಡಿದವರು ಕಡಿಮೆ. ಇದು ಸರಿಯಲ್ಲ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ಬಿಸಿಲೇರಿದ ಮೇಲೆ ಗ್ಯಾಲರಿ. ಇದು ಹಂಟಿಂಗ್ಟನ್ ದಂಪತಿಯ ಮನೆಯೇ ಆಗಿತ್ತು. ಇಂಗ್ಲೆಂಡಿನ ಚಿತ್ರಕಾರ ಗೇನ್ಸ್‌ಬರೋ 1770ರಲ್ಲಿ ಬರೆದ ನೀಲಿ ಉಡುಪಿನ ಹುಡುಗ ಇಲ್ಲಿದ್ದಾನೆ. 1921ರಲ್ಲಿ ಕೊಂಡ ಈ ಚಿತ್ರ 2022ರಲ್ಲಿ ಕೆಲವು ತಿಂಗಳ ಮಟ್ಟಿಗೆ ಲಂಡನ್ನಿಗೆ ಹೋಗಿ ಬಂತು. ಗ್ರಂಥಾಲಯದ ಪ್ರತಿಗಳನ್ನು ಇಟ್ಟ ಕಡೆ ಮಬ್ಬು ಬೆಳಕು ಕಂಡು ಬೇಸರಪಡಬೇಡಿ. ಬೆಳಕು ಶಾಯಿಯನ್ನೂ ಕಾಗದವನ್ನೂ ತಿನ್ನುತ್ತದೆ, ಅದಕ್ಕೇ ಪ್ರತಿಗಳನ್ನು ಸರದಿಯ ಮೇಲೆ ಹೊರಗಿಡುತ್ತಾರೆ. ಚರ್ಮದ ಹಾಳೆಯ ಮೇಲೆ ಅಚ್ಚಾದ ಗುಟೆನ್‌ಬರ್ಗ್ ಬೈಬಲ್, ಹದಿನೈದನೆಯ ಶತಮಾನದ ಆರಂಭದ, ಇಂಗ್ಲಿಷ್ ಕವಿ ಚಾಸರನ ಹಸ್ತಪ್ರತಿ ಸಂಗ್ರಹದಲ್ಲಿವೆ. ನೀವು ಹೋದ ದಿನ ಯಾವುದು ಹೊರಗಿದೆ ಎಂದು ಮೊದಲೇ ನೋಡಿಕೊಳ್ಳಿ. ಚರ್ಮದ ಹಾಳೆಗೆ ತೇವ ಏರಿಳಿದರೆ ಸುರುಟಿಕೊಳ್ಳುವ ಕಾಟ, ನಮ್ಮ ತಾಳೆಗರಿಗೆ ಒಣಗಿ ಒಡೆಯುವ ಮತ್ತು ಹುಳು ಕೊರೆಯುವ ಕಾಟ. ಅದಕ್ಕೇ ಗರಿಗೆ ನಿಂಬೆಹುಲ್ಲಿನ ಎಣ್ಣೆ ಸವರುವುದು. ಶಾಮಶಾಸ್ತ್ರಿಗಳು 1905ರಲ್ಲಿ ಅರ್ಥಶಾಸ್ತ್ರದ ಪ್ರತಿಯನ್ನು ಗುರುತಿಸಿದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದಕ್ಕೆ ಸರಿಸಾಟಿಯಾದ ಜಾಗ ಎಂಬುದನ್ನು ಮಕ್ಕಳಿಗೆ ಇಲ್ಲೇ ಹೇಳಿಬಿಡಿ.

ಆದರೆ ಹಂಟಿಂಗ್ಟನ್ ಗ್ರಂಥಾಲಯದಲ್ಲಿ ಟಿಕೆಟ್ ಕೊಂಡವರು ಕೂತು ಓದುವಂತಿಲ್ಲ. ಓದುವ ಕೋಣೆ ನೋಂದಾಯಿತ ಸಂಶೋಧಕರಿಗೆ ಮಾತ್ರ, ಅವರೂ ಹಸ್ತಪ್ರತಿಯ ಮುಂದೆ ಪೆನ್ನು ಹಿಡಿಯುವಂತಿಲ್ಲ, ಪೆನ್ಸಿಲ್ಲೇ ಬೇಕು. ಕಾಪಾಡುವುದಕ್ಕೆ ಇದು ಅಗತ್ಯ, ಒಪ್ಪುತ್ತೇನೆ. ಆದರೂ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ಯಾರು ಬೇಕಾದರೂ ಹೋಗಿ ಪತ್ರಿಕೆ ಹಿಡಿದು ಕೂರಬಹುದು, ಮರದ ನೆರಳಿಗೆ ದುಡ್ಡು ಕೊಡಬೇಕಿಲ್ಲ. ಈ ಔದಾರ್ಯವನ್ನು ನಾವು ಕಡಿಮೆ ಬೆಲೆಗೆ ಹಿಡಿಯುತ್ತೇವೆ. ನಮ್ಮಲ್ಲಿ ಕೊರತೆ ವಸ್ತುಗಳದ್ದಲ್ಲ, ಜೋಡಣೆಯದ್ದು. ಕಬ್ಬನ್ ಪಾರ್ಕು ತೋಟಗಾರಿಕೆ ಇಲಾಖೆಯದ್ದು, ಸರ್ಕಾರಿ ವಸ್ತುಸಂಗ್ರಹಾಲಯ ಮತ್ತು ವೆಂಕಟಪ್ಪ ಚಿತ್ರಶಾಲೆ ಪುರಾತತ್ವ ಇಲಾಖೆಯದ್ದು, ಗ್ರಂಥಾಲಯ ಇನ್ನೊಂದು ಇಲಾಖೆಯದ್ದು. ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತದ್ದನ್ನು ಹೇಳುವ, ವಸ್ತುಸಂಗ್ರಹಾಲಯದ ಆತಕೂರಿನ ಕಲ್ಲು, ವೆಂಕಟಪ್ಪನವರ ಊಟಿಯ ಜಲವರ್ಣಗಳು, ಕೆಂಪು ಗ್ರಂಥಾಲಯ ಮೂರೂ ಹದಿನೈದು-ಇಪ್ಪತ್ತು ನಿಮಿಷದ ನಡಿಗೆಯೊಳಗಿನ ಹೆಸರುಗಳು. ಮೂರನ್ನೂ ಮರಗಳನ್ನೂ ಒಂದೇ ಹಾಳೆಯಲ್ಲಿ ತೋರಿಸುವ ಕನ್ನಡ ನಕ್ಷೆಯೊಂದನ್ನು ಅಚ್ಚು ಹಾಕಿಸಿ ಕಸ್ತೂರಬಾ ರಸ್ತೆಯ ಬಾಗಿಲಲ್ಲಿ ಇಡುವುದಕ್ಕೆ ಟ್ರಸ್ಟ್ ಬೇಕಿಲ್ಲ, ಮೂರು ಇಲಾಖೆಯವರು ಒಂದು ಮಧ್ಯಾಹ್ನ ಒಟ್ಟಿಗೆ ಕೂತರೆ ಸಾಕು.