ಹನ್ನೆರಡು ನಿಮಿಷದ ಕುಟುಂಬ

ಕಾಸರಗೋಡಿನ ಕಡೆ ಕುಂಬಳೆಯಿಂದ ಮುಳ್ಳೇರಿಯದವರೆಗೆ ಕಿರುಚಿತ್ರ ಮಾಡದ ತರುಣನನ್ನು ಹುಡುಕುವುದು ಈಗ ಕಷ್ಟ. ಎಲ್ಲರ ವಿಷಯವೂ ಒಂದೇ: ಸಂಕೀರ್ಣ ಕೌಟುಂಬಿಕ ಸಂಬಂಧ. ಸಂಕೀರ್ಣವೆಂದರೆ ಇಷ್ಟು. ಮಗ ಬೆಂಗಳೂರಿನಲ್ಲಿ, ಅಮ್ಮ ಚಾವಡಿಯ ಕಂಬಕ್ಕೊರಗಿ, ಸೊಸೆಯ ಕಣ್ಣು ಮೊಬೈಲಿನಲ್ಲಿ. ಡ್ರೋನು ಅಡಿಕೆ ತೋಟಕ್ಕೆ ಎರಡು ಸುತ್ತು ಬರುವಷ್ಟರಲ್ಲಿ ಮಳೆ, ಕೊಳಲು, ಪಶ್ಚಾತ್ತಾಪ. ಹನ್ನೆರಡು ನಿಮಿಷಕ್ಕೆ ಮಂಗಳ. ಪೋಸ್ಟರು, ಟೀಸರು, ಶೀರ್ಷಿಕೆ ಅನಾವರಣಗಳ ಭಾಷಣಗಳಿಗೆ ಮಾತ್ರ ಇಂಥ ಮಿತಿಯೇನೂ ಇಲ್ಲ.

ಚಿತ್ರಕ್ಕಿಂತ ಆ ಚಾವಡಿಗೆ ಅನುಮತಿ ಪಡೆದ ಕತೆಯೇ ನನಗೆ ರುಚಿ. ತರವಾಡು ಮನೆ, ಎಂದರೆ ಕುಟುಂಬದ ಮೂಲಮನೆ, ಯಾರದು? ಅಳಿಯಕಟ್ಟಿನಲ್ಲಿ, ಎಂದರೆ ಅಳಿಯಸಂತಾನ ಪದ್ಧತಿಯಲ್ಲಿ, ಆಸ್ತಿ ಇಳಿಯುತ್ತಿದ್ದದ್ದು ತಾಯಿಯ ಕಡೆಯಿಂದ. ಮಾವನ ಯಜಮಾನಿಕೆ ಸೋದರಳಿಯನಿಗೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬವನ್ನು ಕವರುಗಳಾಗಿ, ಎಂದರೆ ತಾಯಿಯ ಕಡೆಯ ಕವಲುಗಳಾಗಿ ಬಿಡಿಸಿ, ಮುಂದೆ ಬೆಳೆಯುವುದು ಸಂತತಿ ಕವರು, ಬೆಳೆಯದ್ದು ನಿಸ್ಸಂತತಿ ಕವರು ಎಂದು ಲೆಕ್ಕ ಹಾಕಿತು. 1956ರಲ್ಲಿ ಕಾಸರಗೋಡು ತಾಲೂಕೇ ಕೇರಳದ ಪಾಲಾಯಿತು. ಅಲ್ಲಿನ ಅವಿಭಕ್ತ ಕುಟುಂಬ ರದ್ದತಿ ಕಾಯ್ದೆ 1976ರ ಡಿಸೆಂಬರ್ 1ರಂದು ಜಾರಿಗೆ ಬಂದು, ಅಂದು ಉಸಿರಾಡುತ್ತಿದ್ದ ಸದಸ್ಯರಿಗೆಲ್ಲ ಒಂದೊಂದು ಪಾಲು ಕೊಟ್ಟಿತು. ತೊಟ್ಟಿಲಲ್ಲಿದ್ದ ಕೂಸಿಗೂ ಸಮಪಾಲು. ಆ ಕೂಸಿಗೆ ಈಗ ಐವತ್ತರ ಆಸುಪಾಸು. ಶಾರ್ಜಾದಲ್ಲಿದೆ, ಫೋನು ಎತ್ತುವುದಿಲ್ಲ.

ಹಿರಿಯ ಕವರಿನವರು ಹೂಂ ಎಂದರು ಎನ್ನುವುದೇ ಕಿರಿಯ ಕವರಿನವರಿಗೆ ಊಹೂಂ ಎನ್ನಲು ಸಾಕಾದ ಕಾರಣ. ಕಳೆದ ಸಲದ ದೈವದ ನೇಮದ ಖರ್ಚು ಇನ್ನೂ ಬಗೆಹರಿದಿಲ್ಲ. ಅಟ್ಟದ ಬಾಗಿಲಿಗೆ ಒಬ್ಬರ ಬೀಗ, ಅದರ ಮೇಲೆ ಇನ್ನೊಬ್ಬರ ಬೀಗ. ಯಾರ ಹೊಟ್ಟೆಯಿಂದ ಈ ಆಸ್ತಿ ಇಳಿದು ಬರಬೇಕಿತ್ತೋ ಆ ಹಿರಿಯಕ್ಕನನ್ನು ಪಾಲುಪಟ್ಟಿಗೆ ಹೆಬ್ಬೆಟ್ಟು ಒತ್ತಲು ಮಾತ್ರ ಕರೆಯುತ್ತಾರೆ. ಆ ಪತ್ರವನ್ನೋ, ಮಲೆಯಾಳದಲ್ಲಿ ಬರೆದಿರುತ್ತಾರೆ. ಅವಳು ತುಳುವಿನಲ್ಲಿ ಬೈದು ಎದ್ದು ಹೋಗುತ್ತಾಳೆ. ಇಷ್ಟೆಲ್ಲ ಎದುರಿಗೇ ನಡೆಯುತ್ತಿರುವಾಗ ನಮ್ಮ ನಿರ್ದೇಶಕ ಕೈಮುಗಿದು ಹೇಳುವುದು ಒಂದೇ ಮಾತು: "ದಯವಿಟ್ಟು ಎಲ್ಲರೂ ಸ್ವಲ್ಪ ಪಕ್ಕಕ್ಕೆ ಸರಿಯಿರಿ, ಬೆಳಕು ಹೋಗುತ್ತಿದೆ."

ಅವರು ಸರಿದ ಜಾಗದಲ್ಲಿ ಸೊಸೆಯನ್ನು ನಿಲ್ಲಿಸಲಾಗುತ್ತದೆ. ಅಳಿಯಕಟ್ಟಿನ ಲೆಕ್ಕದಲ್ಲಿ ಅವಳು ತನ್ನ ತಾಯಿಮನೆಯ ಸದಸ್ಯೆ. ಗಂಡನ ತರವಾಡಿನಲ್ಲಿ ಅವಳಿಗೆ ಒಣಗಿದ ಸೋಗೆಯಷ್ಟೂ ಹಕ್ಕಿಲ್ಲ. ಆದರೂ ಮನೆ ಒಡೆದದ್ದು ಅವಳೇ! ಪಾಲಿಲ್ಲದವಳ ತಲೆಗೆ ಇಡೀ ತಪ್ಪು ಕಟ್ಟಿದರೆ ಪಾಲುದಾರರಲ್ಲಿ ಒಬ್ಬರಿಗೂ ನೋವಾಗುವುದಿಲ್ಲ, ಚಿತ್ರೀಕರಣದ ಮಧ್ಯಾಹ್ನದ ಊಟವೂ ತಪ್ಪುವುದಿಲ್ಲ. ಇಂಥ ಜಾಣತನವಿರುವ ನಿರ್ದೇಶಕನನ್ನು ದಾವೆಯ ರಾಜಿಗೆ ಕರೆಯದಿರುವುದು ಊರಿನ ನಷ್ಟ.

ಮೊದಲ ಪ್ರದರ್ಶನಕ್ಕೆ ಎರಡೂ ಕವರಿನವರು ಬರುತ್ತಾರೆ, ನಡುವೆ ನಾಲ್ಕು ಕುರ್ಚಿ ಖಾಲಿ ಬಿಟ್ಟು ಕೂರುತ್ತಾರೆ, ಕೊಳಲು ಬಂದಾಗ ಒಟ್ಟಿಗೆ ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲೆ ಕೃತಜ್ಞತೆಯ ಪಟ್ಟಿ ಮೂಡುತ್ತದೆ. ಕಿರಿಯ ಕವರಿನ ಹೆಸರು ಮೇಲೆ, ಹಿರಿಯರದು ಕೆಳಗೆ! ವಾರದೊಳಗೆ ನಿರ್ದೇಶಕನಿಗೆ ವಕೀಲರ ನೋಟಿಸು. ಅವನು ಅದರ ಫೋಟೋ ತೆಗೆದು, ಮುಂದಿನ ಚಿತ್ರದ ಪೋಸ್ಟರೆಂದು ಹಂಚುತ್ತಾನೆ.