ಮುಟ್ಟದೆ ಸ್ವತಃ ಕಲಿಯಿರಿ

ಗದಗ ತಾಲ್ಲೂಕಿನ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸ್ವಯಂಕಲಿಕೆಯನ್ನು ಸದ್ಯಕ್ಕೆ ಕೀಲಿ ಹಾಕಿ ಇಡಲಾಗಿದೆ. ಕೀಲಿಕೈ ಮುಖ್ಯೋಪಾಧ್ಯಾಯರ ಬಳಿ ಇದೆ, ಮುಖ್ಯೋಪಾಧ್ಯಾಯರು ಸಭೆಗೆ ಹೋಗಿದ್ದಾರೆ. ಸ್ಮಾರ್ಟ್ ಕ್ಲಾಸ್ ಕೋಣೆಯ ಹೊರಗೋಡೆಯ ಮೇಲೆ ‘ಮಗು ತನ್ನ ಕಲಿಕೆಯನ್ನು ತಾನೇ ರೂಪಿಸಿಕೊಳ್ಳುತ್ತದೆ’ ಎಂದು ನೀಲಿ ಬಣ್ಣದ ದೊಡ್ಡ ಅಕ್ಷರಗಳಲ್ಲಿ ಬರೆಸಲಾಗಿದೆ. ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ ‘ಮಕ್ಕಳು ಅನುಮತಿಯಿಲ್ಲದೆ ಒಳಗೆ ಬರಬಾರದು, ಉಪಕರಣಗಳನ್ನು ಮುಟ್ಟಬಾರದು’ ಎಂದಿದೆ. ಎರಡನ್ನೂ ಒಬ್ಬರೇ ಚಿತ್ರಕಲಾ ಶಿಕ್ಷಕರು ಬರೆದಿರುವುದರಿಂದ ಈ ವಿಷಯದಲ್ಲಿ ಶಾಲೆಯೊಳಗೆ ಯಾವ ಭಿನ್ನಾಭಿಪ್ರಾಯವೂ ಇಲ್ಲ.

ಇದಕ್ಕಾಗಿ ಮುಖ್ಯೋಪಾಧ್ಯಾಯರನ್ನು ದೂರುವುದು ನ್ಯಾಯವಲ್ಲ. ಆ ಸ್ಮಾರ್ಟ್ ಬೋರ್ಡು ಶಾಲೆಗೆ ಬಂದ ದಿನವೇ ದಾಸ್ತಾನು ವಹಿಯಲ್ಲಿ ಅವರ ಸಹಿಯೊಂದಿಗೆ ದಾಖಲಾಯಿತು. ಅದರ ಮೇಲೆ ಗೀರು ಬಿದ್ದರೆ, ಅದರ ಪೆನ್ನು ಕಳೆದರೆ, ಇಲಿ ವಾಯರು ಕಡಿದರೆ ಲಿಖಿತ ಸಮಜಾಯಿಷಿ ಕೊಡಬೇಕಾದವರು ಅವರೇ. ಆರನೆಯ ತರಗತಿಯ ಮಗುವಿಗೆ ಭಾಗಾಕಾರ ಬಾರದಿದ್ದರೆ ಮಾತ್ರ ಅದನ್ನು ನಷ್ಟವೆಂದು ಬರೆದುಕೊಳ್ಳಲು ಯಾವ ವಹಿಯಲ್ಲೂ ಕಾಲಮ್ಮಿಲ್ಲ. ಹೀಗಿರುವಾಗ ಬೋರ್ಡನ್ನು ಮಕ್ಕಳಿಂದ ಕಾಪಾಡುವುದೇ ಜಾಣತನವೆಂದು ಯಾವ ಸಂಸಾರಸ್ಥನಿಗೂ ಹೊಳೆಯುತ್ತದೆ.

ಉದ್ಘಾಟನೆಯ ದಿನದ ಭಾಷಣಗಳನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿಗಳ ನಡುವೆ ಅವು ಎಲ್ಲ ಊರಿನಲ್ಲೂ ಒಂದೇ ಇರುತ್ತವೆ. ‘ಇನ್ನು ಮುಂದೆ ಮಕ್ಕಳಿಗೆ ಮಾಸ್ತರರ ಅವಶ್ಯಕತೆಯೇ ಬೀಳುವುದಿಲ್ಲ’ ಎಂದು ಮುಖ್ಯ ಅತಿಥಿಗಳು ಸಾರಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಮಾಸ್ತರರು ಎಂಬುದನ್ನಷ್ಟೇ ದಾಖಲಿಸುತ್ತೇನೆ.

ಆ ಬಳಿಕ ಸ್ವಯಂಕಲಿಕೆಗೆ ವೇಳಾಪಟ್ಟಿ ಸಿದ್ಧವಾಯಿತು. ಆರನೆಯ ತರಗತಿಯ ಮಕ್ಕಳು ಗುರುವಾರ ಮೂರನೆಯ ಅವಧಿಯಲ್ಲಿ ಕುತೂಹಲ ತಾಳಬೇಕು. ಏಳನೆಯ ತರಗತಿಯವರಿಗೆ ಅದು ನಾಲ್ಕನೆಯ ಅವಧಿಯಲ್ಲಿ ಹುಟ್ಟಬೇಕು. ನಾನು ಅಲ್ಲಿಗೆ ಹೋದಾಗ ನಡೆಯುತ್ತಿದ್ದದ್ದು ಆರನೆಯವರ ಪಾಳಿ, ವಿಷಯ ಗಿಡಗಳು ಆಹಾರ ತಯಾರಿಸಿಕೊಳ್ಳುವ ಬಗೆ. ಚಿತ್ರ ನಿಚ್ಚಳವಾಗಿ ಕಾಣಲೆಂದು ಕಿಟಕಿಗಳನ್ನು ಮುಚ್ಚಿ, ಅಂಗಳದ ಬೇವಿನ ಮರವನ್ನು ಹೊರಗೇ ಉಳಿಸಿ, ಎಲೆಗೆ ಬಿಸಿಲು ಬೇಕೆಂಬ ಪಾಠವನ್ನು ಕತ್ತಲೆಯಲ್ಲಿ ತೋರಿಸಲಾಯಿತು. ಮಕ್ಕಳು ಕೈಕಟ್ಟಿ ಕುಳಿತಿದ್ದರು. ಬೇರಿನಿಂದ ಮೇಲೇರಿದ ನೀಲಿ ಗೆರೆಯೊಂದು ಕಾಂಡವನ್ನು ದಾಟಿ ಎಲೆಯೊಳಗೆ ಮಾಯವಾಗುತ್ತಿದ್ದಂತೆ ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

‘ಸರ್, ನೀರು ತಾನ ಮ್ಯಾಲ ಹೆಂಗ ಏರತೈತ್ರಿ? ಸ್ವಲ್ಪ ಹಿಂದಕ್ಕ ಹೊಳ್ಳಸ್ರಿ.’

‘ಅದು ಹೊಳ್ಳೂದಿಲ್ಲವಾ, ಹೊಳ್ಳಿಸಿದ್ರ ಮತ್ತ ಮೊದಲಿಂದ ಚಾಲೂ ಆಗತೈತಿ. ಏಳನೇದವ್ರ ಪಾಳಿ ಐತಿ, ಕೂಡು.’

ಹುಡುಗಿ ಕುಳಿತಳು, ಪಾಠ ಮುಂದುವರಿಯಿತು. ನೀರು ತಾನಾಗಿ ಮೇಲೇರುವುದೆಂದರೇನು ಎಂಬ ಆ ಪ್ರಶ್ನೆಯಲ್ಲಿ ಒಂದು ವಾರದ ವಿಜ್ಞಾನಪಾಠವಿತ್ತು. ಒಂದು ಗಾಜಿನ ಲೋಟ, ಸ್ವಲ್ಪ ಶಾಯಿ, ಯಾರದಾದರೂ ಹಿತ್ತಲಿನ ಬಿಳಿ ಹೂವಿನ ದಂಟು ಇದ್ದಿದ್ದರೆ ಸಾಕಾಗುತ್ತಿತ್ತು. ಆದರೆ ಪ್ರಶ್ನೆ ಮಗುವಿನಿಂದ ಬಂದದ್ದು, ಸ್ವಯಂಕಲಿಕೆ ಇಲಾಖೆಯಿಂದ ಬಂದದ್ದು. ಎರಡೂ ಒಂದೇ ಅವಧಿಯಲ್ಲಿ ಹಿಡಿಸಲಿಲ್ಲ. ಕರಿಹಲಗೆಯ ಕಾಲದಲ್ಲಿ ಮಾಸ್ತರರು ಅಳಿಸುವುದನ್ನು ಮರೆತರೆ ಬರೆದದ್ದು ಮರುದಿನದವರೆಗೂ ಹಾಗೆಯೇ ಉಳಿದು, ಹಿಂದುಳಿದವರು ನಿಂತು ಓದಿಕೊಳ್ಳುತ್ತಿದ್ದರು. ಆ ದೋಷವನ್ನು ಈಗ ಸಂಪೂರ್ಣವಾಗಿ ಸರಿಪಡಿಸಲಾಗಿದೆ.

ಈ ಮಾಸ್ತರರಿಗೂ ತರಬೇತಿ ಆಗಿದೆ, ಅದೂ ಧಾರವಾಡದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದ ಊರಿನಲ್ಲಿ ತರಬೇತಿಗೆ ಕೊರತೆಯೇ? ಅಲ್ಲಿ ಸ್ವಯಂನಿರ್ದೇಶಿತ ಕಲಿಕೆಯ ಮೇಲೆ ಇಡೀ ದಿನ ಸ್ಲೈಡುಗಳನ್ನು ತೋರಿಸಲಾಯಿತು. ಸಂಪನ್ಮೂಲ ವ್ಯಕ್ತಿಗಳು ಪ್ರತಿ ಸ್ಲೈಡನ್ನೂ ಅಕ್ಷರ ಬಿಡದೆ ಓದಿ ಹೇಳಿದರು. ಅಮೆರಿಕದ ಶಿಕ್ಷಣತಜ್ಞ ಮಾಲ್ಕಮ್ ನೋಲ್ಸ್ 1975ರಲ್ಲಿ ಕೊಟ್ಟ ವಿವರಣೆಯೂ ಅದರಲ್ಲಿತ್ತು: ತನಗೆ ಏನು ಬೇಕೆಂಬುದನ್ನು ಕಲಿಯುವವನೇ ಗುರುತಿಸಿ, ಗುರಿಯನ್ನು ತಾನೇ ಇಟ್ಟುಕೊಂಡು, ಬೇಕಾದ ಸಾಧನಗಳನ್ನು ಹುಡುಕಿ, ಯಾರ ನೆರವಿನಿಂದಲೋ ನೆರವಿಲ್ಲದೆಯೋ ಕಲಿತು, ಎಷ್ಟು ಕಲಿತೆನೆಂದು ಕೊನೆಗೆ ತಾನೇ ಅಳೆದು ನೋಡಿಕೊಳ್ಳಬೇಕು. ನೋಲ್ಸ್ ಮುಖ್ಯವಾಗಿ ವಯಸ್ಕರ ಕಲಿಕೆಯನ್ನು ಕುರಿತು ಚಿಂತಿಸಿದವರು. ಸಭಾಂಗಣದಲ್ಲಿ ಕುಳಿತಿದ್ದವರೆಲ್ಲರೂ ವಯಸ್ಕರೇ ಆಗಿದ್ದರು. ನಮ್ಮ ಶಾಲೆಯಲ್ಲಿ ಕರೆಂಟು ಹೆಚ್ಚು ಹೊತ್ತು ಇರುವುದಿಲ್ಲ, ನಾವೇನು ಮಾಡಬೇಕು ಎಂದು ಅವರಲ್ಲೊಬ್ಬರು ತಮಗೆ ಬೇಕಾದದ್ದನ್ನು ತಾವೇ ಗುರುತಿಸಿ ಕೇಳಿದಾಗ, ಪ್ರಶ್ನೆಗಳಿಗೆ ಕೊನೆಯಲ್ಲಿ ಸಮಯವಿದೆ ಎಂಬ ಉತ್ತರ ದೊರೆಯಿತು. ಕೊನೆಯಲ್ಲಿ ಸಮೂಹ ಛಾಯಾಚಿತ್ರವಿತ್ತು.

ಅದೇ ತರಬೇತಿಯಲ್ಲಿ ದೆಹಲಿಯ ಕಾಲ್ಕಾಜಿಯ ಪ್ರಸಂಗವನ್ನೂ ಹೇಳಲಾಯಿತಂತೆ. 1999ರಲ್ಲಿ ಸುಗತ ಮಿತ್ರ ಎಂಬವರು ಅಲ್ಲಿನ ಗೋಡೆಯೊಂದರಲ್ಲಿ ಕಂಪ್ಯೂಟರ್ ಕೂರಿಸಿ ಬಿಟ್ಟರು. ಅದನ್ನು ಮೊದಲು ಕಂಡಿರದ ಕೊಳೆಗೇರಿಯ ಮಕ್ಕಳು ಗುಂಪುಗೂಡಿ, ಒಬ್ಬರಿಗೊಬ್ಬರು ಹೇಳಿಕೊಟ್ಟು, ಅದನ್ನು ನಡೆಸಲು ಕಲಿತುಬಿಟ್ಟರು. ಆ ಪ್ರಯೋಗದಿಂದ ಎಷ್ಟನ್ನು ತೀರ್ಮಾನಿಸಬಹುದು ಎಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ವಾದವಿದೆ. ನಮ್ಮಲ್ಲಿ ವಾದವಿಲ್ಲ. ಅಲ್ಲಿ ಮಕ್ಕಳ ಕೈ ಕಂಪ್ಯೂಟರಿನ ಮೇಲಿತ್ತು, ಮಾಸ್ತರರು ಇರಲಿಲ್ಲ. ಈ ಎರಡರಲ್ಲಿ ಎರಡನೆಯದನ್ನು ಮಾತ್ರ ನಾವು ತೆಗೆದುಕೊಂಡಿದ್ದೇವೆ. ಮೊದಲನೆಯದಕ್ಕೆ ದುರಸ್ತಿ ಖರ್ಚು ಬೀಳುತ್ತದೆ, ಎರಡನೆಯದರಿಂದ ಸಂಬಳ ಉಳಿಯುತ್ತದೆ. ಗಣಿತದ ಮಾಸ್ತರರು ವರ್ಗವಾಗಿ ಹೋದ ಮೇಲೆ ಈ ಶಾಲೆಯಲ್ಲಿ ಆ ಹುದ್ದೆಯನ್ನು ತುಂಬಿಲ್ಲ, ಅತಿಥಿ ಶಿಕ್ಷಕರೂ ಸಿಕ್ಕಿಲ್ಲ. ಹಿಂದಿನ ಕಾಲದಲ್ಲಿ ಇದಕ್ಕೆ ಮಾಸ್ತರರ ಕೊರತೆ ಎನ್ನುತ್ತಿದ್ದರು.

ಶಾಲೆಯಲ್ಲಿ ಮುಟ್ಟಲಾಗದ್ದನ್ನು ಮನೆಯಲ್ಲಾದರೂ ಮುಟ್ಟಬಹುದಲ್ಲ ಎಂದು ಕೇಳುವವರಿಗೆ ಪಠ್ಯಪುಸ್ತಕವೇ ಉತ್ತರ ಕೊಡುತ್ತದೆ. 2017ರಲ್ಲಿ ಆರಂಭವಾದ, ಸರಕಾರದ ಆನ್‌ಲೈನ್ ಪಾಠಗಳ ದೀಕ್ಷಾ ವೇದಿಕೆಯ ದೆಸೆಯಿಂದ ಪಾಠಗಳಿಗೆ ಕ್ಯೂಆರ್ ಕೋಡ್ ಬಂದಿದೆ. ಫೋನು ಹಿಡಿದರೆ ವಿಡಿಯೊ ತೆರೆದುಕೊಳ್ಳುತ್ತದೆ. ಯೋಜನೆ ಚೆನ್ನಾಗಿದೆ, ನಾನು ತಮಾಷೆಗೆ ಹೇಳುತ್ತಿಲ್ಲ. ಆದರೆ ಪುಸ್ತಕ ಶಾಲೆಯಲ್ಲಿರುವಾಗ ಫೋನು ಅಪ್ಪನ ಕಿಸೆಯಲ್ಲಿರುತ್ತದೆ, ಅಪ್ಪ ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಯಲ್ಲಿ ಚೀಲ ಹೊರುತ್ತಿರುತ್ತಾನೆ. ರಾತ್ರಿ ಅವನು ಮನೆಗೆ ಮರಳುವ ಹೊತ್ತಿಗೆ ಆ ದಿನದ ಡೇಟಾ ತೀರಿರುತ್ತದೆ, ಮಗು ಮಲಗಿರುತ್ತದೆ. ಹಾಗೆಂದು ಮಕ್ಕಳು ಆ ಕೋಡನ್ನು ವ್ಯರ್ಥವಾಗಲು ಬಿಟ್ಟಿಲ್ಲ. ಐದನೆಯ ತರಗತಿಯ ಹುಡುಗನೊಬ್ಬ ತನ್ನ ಪುಸ್ತಕ ತೆರೆದು ತೋರಿಸಿದ: ಚೌಕದೊಳಗಿನ ಬಿಳಿ ಮನೆಗಳಿಗೆಲ್ಲ ಪೆನ್ಸಿಲಿನಿಂದ, ಗೆರೆ ದಾಟದಂತೆ, ಒಂದೊಂದಾಗಿ ಬಣ್ಣ ತುಂಬಿದ್ದ. ಕೆಲವು ಪಾಠಗಳದ್ದು ಪೂರ್ತಿ ಮುಗಿದಿತ್ತು, ಇನ್ನು ಕೆಲವು ನಡೆಯುತ್ತಿದ್ದವು. ಯಾರೂ ಹೇಳಿಕೊಡದೆ, ತನ್ನ ಗುರಿಯನ್ನು ತಾನೇ ಇಟ್ಟುಕೊಂಡು, ಎಷ್ಟಾಯಿತೆಂದು ತಾನೇ ಅಳೆದುಕೊಂಡು ಮಾಡಿದ ಕೆಲಸ ಆ ಶಾಲೆಯಲ್ಲಿ ನನಗೆ ಕಂಡದ್ದು ಅದೊಂದೇ.

ಇನ್ನು ಮನೆಯಲ್ಲಿ ಫೋನು ಇದ್ದಾಕ್ಷಣ ಕಲಿಕೆ ತಾನಾಗಿ ಬರುತ್ತದೆಂಬ ನಂಬಿಕೆಯ ಬಗ್ಗೆ ಹೇಳುವುದಾದರೆ, ಹಳ್ಳಿಯ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆ 2023ರಲ್ಲಿ ನಡೆದ ಗ್ರಾಮೀಣ ಜಿಲ್ಲೆಗಳಲ್ಲಿ 14ರಿಂದ 18 ವರ್ಷದವರ ಪೈಕಿ ಸುಮಾರು 90 ಪ್ರತಿಶತ ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು, ಅದನ್ನು ಬಳಸಲೂ ಬರುತ್ತಿತ್ತು. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಬಂದವರು ಅರ್ಧಕ್ಕಿಂತ ಕಡಿಮೆ. ಭಾಗಾಕಾರವನ್ನು ಕೂಡಲೇ ಆ್ಯಪ್ ಆಗಿ ಪರಿವರ್ತಿಸುವುದು ಒಳಿತೆಂದು ಯಾರಾದರೂ ಪ್ರಸ್ತಾವನೆ ಸಲ್ಲಿಸಬಹುದು.

ತಂತ್ರಜ್ಞಾನದಿಂದ ಸ್ವಯಂಕಲಿಕೆ ನಡೆದೇ ಇಲ್ಲವೆಂದರೂ ತಪ್ಪಾಗುತ್ತದೆ. ಮಾಸ್ತರರು ಬೇಕಾದಷ್ಟು ಕಲಿತಿದ್ದಾರೆ. ಹಾಜರಾತಿ, ಬಿಸಿಯೂಟ, ಹಾಲು, ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು ಎಂಬುದನ್ನೆಲ್ಲ ಬೇರೆ ಬೇರೆ ಕಡೆ ಏರಿಸುತ್ತ, ಮರೆತ ಪಾಸ್‌ವರ್ಡುಗಳನ್ನು ನೆನಪಿಸಿಕೊಳ್ಳುತ್ತ, ಯಾವ ಮೂಲೆಯಲ್ಲಿ ನಿಂತರೆ ನೆಟ್‌ವರ್ಕ್ ಸಿಗುತ್ತದೆಂಬುದನ್ನು ಸ್ವಂತ ಸಂಶೋಧನೆಯಿಂದ ಕಂಡುಕೊಂಡಿದ್ದಾರೆ. ಸ್ಮಾರ್ಟ್ ಕ್ಲಾಸಿಗೂ ಒಂದು ಬಳಕೆ ವಹಿ ಇದೆ. ಪರಿಶೀಲನೆಗೆ ಬರುವ ಅಧಿಕಾರಿಗಳು ಬೋರ್ಡು ಎಷ್ಟು ಗಂಟೆ ಉರಿಯಿತು ಎಂದು ಕೇಳುತ್ತಾರೆ. ಆ ಹೊತ್ತಿನಲ್ಲಿ ಮಕ್ಕಳು ಏನು ಕೇಳಿದರು ಎಂಬುದಕ್ಕೆ ಅವರ ನಮೂನೆಯಲ್ಲಿ ಜಾಗವಿಲ್ಲ. ಗಂಟೆಯ ಜೊತೆಗೆ ಛಾಯಾಚಿತ್ರ ಕಡ್ಡಾಯ, ಛಾಯಾಚಿತ್ರದಲ್ಲಿ ಮಗುವೇ ಬೋರ್ಡನ್ನು ಮುಟ್ಟುತ್ತಿರುವುದು ಕಡ್ಡಾಯ. ಹಾಗಾಗಿ ತಿಂಗಳಿಗೊಮ್ಮೆ, ಕರೆಂಟು ಹೋಗಿರುವ ಹೊತ್ತನ್ನು ನೋಡಿ, ಏನೂ ಕೆಡದೆಂಬ ಖಾತರಿ ಮಾಡಿಕೊಂಡು, ಎಣ್ಣೆ ಹಚ್ಚಿ ಜಡೆ ಹೆಣೆದುಕೊಂಡು ಬಂದ ಹುಡುಗಿಯೊಬ್ಬಳನ್ನು ಕರೆದು ಕಪ್ಪು ಗಾಜಿನ ಮೇಲೆ ಬೆರಳಿಡಿಸಲಾಗುತ್ತದೆ. ‘ನಗವಾ, ಈ ಕಡೆ ನೋಡಬ್ಯಾಡ, ಬೋರ್ಡ್ ನೋಡು’ ಎಂದು ಮಾಸ್ತರರು ಹೇಳುತ್ತಾರೆ. ಬೋರ್ಡಿನಲ್ಲಿ ಅವಳಿಗೆ ಅವಳ ಮುಖವೇ ಕಾಣುತ್ತದೆ. ಚಿತ್ರದ ಕೆಳಗೆ ‘ಸ್ವಯಂಕಲಿಕೆಯಲ್ಲಿ ತಲ್ಲೀನಳಾದ ವಿದ್ಯಾರ್ಥಿನಿ’ ಎಂದು ಬರೆದು ಗುಂಪಿಗೆ ಕಳುಹಿಸಿದೊಡನೆ ಮೇಲಿನಿಂದ ಹೆಬ್ಬೆರಳಿನ ಗುರುತುಗಳು ಸಾಲಾಗಿ ಇಳಿಯುತ್ತವೆ.

ಆ ಕೋಣೆಯ ಮೂಲೆಯಲ್ಲೊಂದು ಟ್ರಂಕು ಇದೆ. ಅದರೊಳಗೆ ಹಳೆಯ ರೇಡಿಯೊ, ಯಾವುದೋ ಕಾಲದ ಕೀಬೋರ್ಡ್, ಅವುಗಳ ಕೆಳಗೆ ನಲಿಕಲಿಯ ಕಾರ್ಡುಗಳು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಸರಕಾರಿ ಶಿಕ್ಷಕರೇ ಯುನಿಸೆಫ್ ನೆರವಿನೊಂದಿಗೆ ಕಟ್ಟಿದ ಪದ್ಧತಿ ಅದು; 2009ರ ಹೊತ್ತಿಗೆ ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲ ಬಂತು. ಗೋಡೆಯ ಮೇಲೆ ಕಲಿಕಾ ಏಣಿ, ಏಣಿಯ ಪ್ರತಿ ಮೆಟ್ಟಿಲಿಗೊಂದು ಕಾರ್ಡು. ಮಗು ತಾನು ಯಾವ ಮೆಟ್ಟಿಲಿನಲ್ಲಿದ್ದೇನೆಂದು ತಾನೇ ನೋಡಿ, ತನ್ನ ಕಾರ್ಡನ್ನು ತಾನೇ ಎತ್ತಿಕೊಂಡು, ತನ್ನ ಗುಂಪಿಗೆ ಹೋಗಿ ಕೂರಬೇಕು. ಮೊದಲ ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಎರಡನೆಯದಕ್ಕೆ ಅಷ್ಟಿಷ್ಟು, ಮುಂದಿನೆರಡರಲ್ಲಿ ಗೆಳೆಯರ ನೆರವು, ಕೊನೆಯದರಲ್ಲಿ ಮಗು ತಾನೊಬ್ಬನೇ. ಬ್ಯಾಡಗಿ ಸೀಮೆಯಲ್ಲಿ ಮೆಣಸಿನಕಾಯಿ ಬಿಡಿಸುವ ಹಂಗಾಮಿಗೆ ತಾಯಿಯ ಜೊತೆ ಹೋಗಿ ಹದಿನೈದು ದಿನ ಶಾಲೆ ತಪ್ಪಿಸಿದ ಮಗು ಮರಳಿ ಬಂದಾಗ, ಪಾಠ ಮುಂದೆ ಹೋಗಿಬಿಟ್ಟಿದೆಯೆಂಬ ಭಯವಿಲ್ಲದೆ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದಿತ್ತು. ಒಬ್ಬರೇ ಶಿಕ್ಷಕರು, ಹತ್ತಾರು ಮಕ್ಕಳು, ತುಂಬಿ ಮುಗಿಯದ ದಾಖಲೆಗಳು ಎಂಬ ಕಾರಣದಿಂದ ಎಷ್ಟೋ ಕಡೆ ಅದೂ ಸೊರಗಿತು, ನಿಜ. ಆದರೆ ಕಾರ್ಡಿಗೆ ಕರೆಂಟು ಬೇಡವಾಗಿತ್ತು, ಪಾಸ್‌ವರ್ಡ್ ಇರಲಿಲ್ಲ, ಹರಿದರೆ ಮುಖ್ಯೋಪಾಧ್ಯಾಯರ ಎದೆಬಡಿತ ಹೆಚ್ಚುತ್ತಿರಲಿಲ್ಲ. ಮುಟ್ಟಿ ಮುಟ್ಟಿ ಅಂಚು ಸವೆದಿರುವುದೇ ಅದರ ಬಳಕೆ ವಹಿ. ಅದನ್ನು ಉದ್ಘಾಟಿಸಲು ಕತ್ತರಿಸುವ ರಿಬ್ಬನ್ನಿಗೆ ಜಾಗವಿಲ್ಲದಿರುವುದು ಒಂದು ದೊಡ್ಡ ಕೊರತೆಯೆಂದು ಒಪ್ಪಿಕೊಳ್ಳಬೇಕು.

ಟ್ಯಾಬ್ಲೆಟ್ಟೊಂದು ಮಗುವಿನ ಕೈಯಲ್ಲಿದ್ದು, ಮಗುವೇ ಬೇಕಾದಲ್ಲಿ ನಿಲ್ಲಿಸಿ, ಬೇಕಾದಷ್ಟು ಸಲ ಹಿಂದಕ್ಕೆ ಸರಿಸಿ, ತಪ್ಪು ಮಾಡಿ ತಿದ್ದಿಕೊಳ್ಳುವಂತಿದ್ದರೆ ಆ ಕಾರ್ಡು ಮಾಡಿದ ಕೆಲಸವನ್ನೇ ಇದೂ ಮಾಡಬಲ್ಲದು, ಇನ್ನೂ ಚೆನ್ನಾಗಿಯೇ ಮಾಡಬಲ್ಲದು. ಪಕ್ಕದಲ್ಲಿ ಪ್ರಶ್ನೆ ಕೇಳಿಸಿಕೊಳ್ಳುವ ಮಾಸ್ತರರೊಬ್ಬರು ಇರಬೇಕು, ಒಡೆದರೆ ಒಡೆಯಲಿ ಎಂಬ ಒಂದು ಸುತ್ತೋಲೆ ಇರಬೇಕು. ಅಂಥ ಸುತ್ತೋಲೆ ಈವರೆಗೆ ಬಂದಿಲ್ಲ.

ಬಂದಿರುವ ಸುತ್ತೋಲೆ ಬೇರೆ. ಮುಂದಿನ ತಿಂಗಳು ತಾಲ್ಲೂಕು ಮಟ್ಟದಲ್ಲಿ ಸ್ವಯಂಕಲಿಕಾ ಪ್ರದರ್ಶನವಿದ್ದು, ಮಕ್ಕಳು ವೇದಿಕೆಯ ಮೇಲೆ ಸ್ವಯಂಪ್ರೇರಣೆಯಿಂದ ಪ್ರಶ್ನೆ ಕೇಳಬೇಕು, ಬೋರ್ಡಿನಲ್ಲಿ ಉತ್ತರವನ್ನು ಹುಡುಕಿ ತೋರಿಸಬೇಕು ಎಂದು ಅದರಲ್ಲಿ ತಿಳಿಸಲಾಗಿದೆ; ಪ್ರಶ್ನೆಗಳನ್ನು ವಾರ ಮುಂಚಿತವಾಗಿ ಕಚೇರಿಗೆ ಸಲ್ಲಿಸತಕ್ಕದ್ದು. ಶಾಲೆಯಲ್ಲಿ ತಾಲೀಮು ಬಿರುಸಾಗಿ ನಡೆದಿದೆ. ಯಾರು ಯಾವಾಗ ಆಶ್ಚರ್ಯಪಡಬೇಕು ಎಂಬುದೆಲ್ಲ ಬಾಯಿಪಾಠವಾಗಿದೆ. ಏಳನೆಯ ತರಗತಿಯ ಹುಡುಗನೊಬ್ಬ ಮಾತ್ರ ಕೊಟ್ಟ ಪ್ರಶ್ನೆಯನ್ನು ಬಿಟ್ಟು, ಗಾಳಿ ಬೀಸದ ದಿನ ಕಪ್ಪತಗುಡ್ಡದ ಗಾಳಿಯಂತ್ರಗಳು ಏನು ಮಾಡುತ್ತವೆ, ಅಷ್ಟೊಂದು ಯಂತ್ರಗಳು ನಮ್ಮ ಗುಡ್ಡದ ಮೇಲೆಯೇ ತಿರುಗುತ್ತಿರುವಾಗ ನಮ್ಮ ಶಾಲೆಯ ಕರೆಂಟು ಹೋಗುವುದೇಕೆ ಎಂದು ಕೇಳುತ್ತಿದ್ದಾನೆ. ಉತ್ತರ ಪೆನ್‌ಡ್ರೈವಿನಲ್ಲಿ ಇಲ್ಲದ ಕಾರಣ ಅವನ ಹೆಸರನ್ನು ಪಟ್ಟಿಯಿಂದ ತೆಗೆದು, ಸ್ವಾಗತಗೀತೆಯ ಗುಂಪಿಗೆ ಸೇರಿಸಲಾಗಿದೆ.